ಕರ್ದೂ: ಮೆತ್ತನೆ ಹೃದಯದ ಒಂದು ಮನೆತನದ ಹೆಸರು

ಕರ್ದೂ. ಈ ಹೆಸರನ್ನ ನೀವು ಕೇಳಿರೋದು ಕಷ್ಟ. ಫ್ರಾನ್ಸಿನಲ್ಲೂ ಇದು ಅಪರೂಪದ ಮನೆತನದ ಹೆಸರು. ಎರಡು ಪದ ಸೇರಿ ಆಗಿದೆ. 'ಕರ್' ಅಂದ್ರೆ ಹೃದಯ, 'ದೂ' ಅಂದ್ರೆ ಮೆತ್ತಗಿನ, ಸಿಹಿಯಾದ, ಸೌಮ್ಯವಾದ. ಒಟ್ಟಿಗೆ ಹೇಳಿದ್ರೆ ಮೆದುಹೃದಯದವನು. ನಮ್ಮ ಕಡೆ ಮಾತಲ್ಲಿ ಹೇಳೋದಾದ್ರೆ 'ಮೆತ್ತಗಿನ ಮನಸ್ಸಿನೋನು'.

ಈ ಹೆಸರಿನ ಒಬ್ಬ ಮನುಷ್ಯ ನಮ್ಮ ಮಧುಗಿರಿ, ಪಾವಗಡಕ್ಕೆ ಹತ್ತಿಕೊಂಡಿರೋ ತೆಲುಗು ಸೀಮೆಯಲ್ಲಿ ವರ್ಷಗಟ್ಟಲೆ ಬದುಕಿ, ಇಲ್ಲಿನ ಜನರ ಬಗ್ಗೆ ಒಂದು ದೊಡ್ಡ ಪುಸ್ತಕವೇ ಆಗುವಷ್ಟು ಬರೆದಿಟ್ಟು, ಪುದುಚೇರಿಯಲ್ಲಿ ತೀರಿಕೊಂಡ. ಆಮೇಲೆ ಆ ಪುಸ್ತಕ ಬಂತು. ಪ್ರಪಂಚಾನೇ ಓದಿತು. ಆದ್ರೆ ಅದರ ಮೇಲೆ ಇದ್ದದ್ದು ಬೇರೆಯವರ ಹೆಸರು. ಆ ಕತೆಗೆ ಬರೋಕೆ ಮುಂಚೆ ಹೆಸರುಗಳ ಬಗ್ಗೆ ಸ್ವಲ್ಪ ಹೇಳ್ಬೇಕು, ಯಾಕಂದ್ರೆ ನಮ್ಮ ಸೀಮೆಯವರಿಗೆ 'ಸರ್‌ನೇಮ್' ಅನ್ನೋದೇ ಒಂದು ತಲೆನೋವು.

ಮಧುಗಿರಿ, ಶಿರಾ, ಕೊರಟಗೆರೆ ಕಡೆಯವರನ್ನ ನಿಮ್ಮ ಸರ್‌ನೇಮ್ ಏನು ಅಂತ ಕೇಳಿ ನೋಡಿ. ಹೆಚ್ಚಿನವರು ಇನಿಷಿಯಲ್ ಹೇಳ್ತಾರೆ. ಒಂದಕ್ಷರ ಊರಿಂದು, ಇನ್ನೊಂದಕ್ಷರ ಅಪ್ಪಂದು. ನಮ್ಮ ಜಿಲ್ಲೆಯ ದೊಡ್ಡ ಹೆಸರನ್ನೇ ತಗೊಳ್ಳಿ: ತೀ.ನಂ. ಶ್ರೀಕಂಠಯ್ಯ. ತೀ ಅಂದ್ರೆ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರ, ನಂ ಅಂದ್ರೆ ತಂದೆ ನಂಜುಂಡಯ್ಯ. ಇದರಲ್ಲಿ ಸರ್‌ನೇಮ್ ಯಾವುದು? ಯಾವುದೂ ಅಲ್ಲ. ಒಂದು ತಲೆಮಾರು ದಾಟಿದ್ರೆ ಅಪ್ಪನ ಅಕ್ಷರ ಬದಲಾಗುತ್ತೆ, ಊರು ಬಿಟ್ಟರೆ ಊರಿನ ಅಕ್ಷರಾನೂ ಬದಲಾಗಬಹುದು. ಪಾಸ್‌ಪೋರ್ಟ್ ಅರ್ಜಿ ತುಂಬೋವಾಗ ಈ ಕಷ್ಟ ಗೊತ್ತಾಗುತ್ತೆ. ಅಮೆರಿಕಕ್ಕೆ ಹೋದ ಹುಡುಗನ ಆಫೀಸಿನ ಬಾಗಿಲ ಮೇಲೆ ಅವನ ಊರಿನ ಹೆಸರೋ ಅವರಪ್ಪನ ಹೆಸರೋ ಇರುತ್ತೆ, ಎಲ್ಲರೂ ಅವನನ್ನ ಅದೇ ಹೆಸರಲ್ಲಿ ಕರೀತಾರೆ. ಒಂದೇ ಹೆಸರಿನ ಪಾಸ್‌ಪೋರ್ಟ್ ಇದ್ರೆ ಅಲ್ಲಿನ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಅಂತ ಹಾಕ್ತಾರೆ. ಮೊದಲ ಹೆಸರು ಗೊತ್ತಿಲ್ಲ ಅಂತ ಅದರರ್ಥ. ಅಪ್ಪ ಅಮ್ಮ ನಾಮಕರಣ ಮಾಡಿ ಇಟ್ಟ ಹೆಸರೇ ಗೊತ್ತಿಲ್ಲವಂತೆ!

ಪಾವಗಡದ ಕತೆ ಸ್ವಲ್ಪ ಬೇರೆ. ಮ್ಯಾಪು ನೋಡಿದ್ರೆ ಗೊತ್ತಾಗುತ್ತೆ, ಆ ತಾಲ್ಲೂಕು ಆಂಧ್ರದ ಒಳಗೆ ಚಾಚಿಕೊಂಡಿದೆ. ಮಡಕಶಿರಾ, ಪೆನುಕೊಂಡ, ಕಲ್ಯಾಣದುರ್ಗ ಎಲ್ಲಾ ಸುತ್ತಮುತ್ತಲೇ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಅನ್ನೋ ಕುಟುಂಬಗಳು ಬೇಕಾದಷ್ಟು. ತೆಲುಗಿನವರಿಗೆ 'ಇಂಟಿಪೇರು' ಇರುತ್ತೆ, ಅಂದ್ರೆ ಮನೆಯ ಹೆಸರು. ಅದು ವಂಶದಿಂದ ವಂಶಕ್ಕೆ ಹೋಗುತ್ತೆ, ಹೆಸರಿನ ಮುಂದೆ ಬರುತ್ತೆ. ಹಾಗಾಗಿ ಎದುರುಬದುರು ಮನೆಯವರ ಇನಿಷಿಯಲ್ ಒಂದೇ ಥರ ಕಂಡರೂ ಒಂದರ ಹಿಂದೆ ಊರಿರುತ್ತೆ, ಇನ್ನೊಂದರ ಹಿಂದೆ ಮನೆತನ ಇರುತ್ತೆ.

ಹಾಗಂತ ನಮ್ಮವರಿಗೆ ಮನೆತನದ ಹೆಸರು ಇಲ್ಲವೇ ಇಲ್ಲ ಅಂತಲ್ಲ. ಬೆಡಗು ಇದೆ. ಒಕ್ಕಲಿಗರು, ಕುರುಬರು, ಬೇಡರು, ಗೊಲ್ಲರು, ಹೀಗೆ ಅನೇಕರಲ್ಲಿ ಒಂದೊಂದು ಬಳಿಗೆ ಒಂದೊಂದು ಬೆಡಗು. ಆನೆ, ಹಾಲು, ಅರಿಸಿನ, ಜೀರಿಗೆ, ಮಲ್ಲಿಗೆ ಇಂಥ ಹೆಸರುಗಳು. ಒಂದೇ ಬೆಡಗಿನವರು ಅಣ್ಣತಮ್ಮಂದಿರು, ಕೊಟ್ಟು ತರೋ ಹಾಗಿಲ್ಲ. ಆದ್ರೆ ಬೆಡಗನ್ನ ಯಾರೂ ಸ್ಕೂಲ್ ರಿಜಿಸ್ಟರಿಗೆ ಬರೆಸಲಿಲ್ಲ. ಹೆಣ್ಣು ನೋಡೋಕೆ ಬಂದಾಗ ಹಿರಿಯರು 'ನಿಮ್ಮ ಬೆಡಗು ಯಾವುದಪ್ಪಾ' ಅಂತ ಕೇಳಿದಾಗ ಮಾತ್ರ ಅದು ಹೊರಗೆ ಬರುತ್ತೆ. ಮದುವೆ ಮಾತುಕತೆಗಷ್ಟೇ ಬಳಸೋ ಗುಟ್ಟಿನ ಸರ್‌ನೇಮು ಅನ್ನಿ. ಯುರೋಪಿನವರಿಗೆ ಇದನ್ನ ವಿವರಿಸಿದ್ರೆ ತಲೆ ಕೆರ್ಕೋತಾರೆ.

ಅವರದು ಹೇಗೆ? ಫ್ರಾನ್ಸಿನಲ್ಲಿ ಮೊದಲು ಎಲ್ಲರಿಗೂ ಒಂದೇ ಹೆಸರು. ಒಂದೂರಲ್ಲಿ ಹತ್ತು ಜನ ಜಾನ್ ಇದ್ರೆ ಗುರುತಿಸೋದು ಹೇಗೆ? ಅದಕ್ಕೇ ಅಡ್ಡಹೆಸರು ಬಂತು. 11, 12ನೇ ಶತಮಾನದಿಂದ ನಿಧಾನವಾಗಿ ಆ ಅಡ್ಡಹೆಸರುಗಳೇ ಮಕ್ಕಳಿಗೂ ಅಂಟಿಕೊಂಡವು. 1539ರಲ್ಲಿ ರಾಜ ಮೊದಲನೇ ಫ್ರಾನ್ಸ್ವಾ ಹೊರಡಿಸಿದ ವಿಲೇರ್-ಕೊತೆರೇ ಶಾಸನ ಚರ್ಚುಗಳಲ್ಲಿ ದೀಕ್ಷಾಸ್ನಾನದ ದಾಖಲೆ ಇಡಬೇಕು ಅಂತ ಹೇಳಿತು. ಕ್ರಾಂತಿಯಾದ ಮೇಲೆ 1794ರ ಕಾನೂನು ಇನ್ನೂ ಬಿಗಿ: ಜನನ ಪತ್ರದಲ್ಲಿ ಇರೋ ಹೆಸರು ಬಿಟ್ಟು ಬೇರೆ ಹೆಸರು ಇಟ್ಟುಕೊಳ್ಳೋ ಹಾಗಿಲ್ಲ. ಅಲ್ಲಿಗೆ ಹೆಸರುಗಳು ಕಲ್ಲಾದವು.

ಆ ಹೆಸರುಗಳನ್ನ ಬಿಡಿಸಿ ನೋಡಿದ್ರೆ ಮಜಾ ಇದೆ. 'ಲನ್ವಾರ್' ಅಂದ್ರೆ ಕಪ್ಪಗಿರೋನು, ನಮ್ಮ ಕರಿಯಪ್ಪ. 'ಲರೂ' ಅಂದ್ರೆ ಕೆಂಚುಗೂದಲಿನೋನು, ನಮ್ಮ ಕೆಂಚಪ್ಪ. 'ಲಗ್ರಾಂ' ನಮ್ಮ ದೊಡ್ಡಯ್ಯ, 'ಪ್ತಿ' ನಮ್ಮ ಚಿಕ್ಕಣ್ಣ. 'ಬೆರ್ಜೇ' ಅಂದ್ರೆ ಕುರಿ ಕಾಯೋನು. 'ದ್ಯುಪೋಂ' ಸೇತುವೆ ಹತ್ತಿರದೋನು, 'ದ್ಯುಮೋಂ' ಬೆಟ್ಟದೋನು. ಮಧುಗಿರಿ ಏಕಶಿಲೆಯ ಕೆಳಗೆ ಹುಟ್ಟಿದ ನಮಗೆಲ್ಲ ಫ್ರಾನ್ಸಿನಲ್ಲಾಗಿದ್ರೆ ದ್ಯುಮೋಂ ಅಂತಲೇ ಹೆಸರು ಬೀಳ್ತಿತ್ತೇನೋ. ವ್ಯತ್ಯಾಸ ಇಷ್ಟೇ. ನಮ್ಮ ಕರಿಯಪ್ಪನ ಮಗ ಕೆಂಚಪ್ಪ ಆಗಬಹುದು, ಅವರ ಲನ್ವಾರ್ ಮಗ ಹಾಲಿನ ಹಾಗೆ ಬೆಳ್ಳಗಿದ್ದರೂ ಲನ್ವಾರೇ.

ಕರ್ದೂ ಅನ್ನೋದು ಈ ಅಡ್ಡಹೆಸರಿನ ಗುಂಪಿಗೆ ಸೇರಿದ್ದು. ಯಾವುದೋ ಕಾಲದಲ್ಲಿ ಯಾವನೋ ಒಬ್ಬ ಪುಣ್ಯಾತ್ಮ ಮೆತ್ತಗಿದ್ದ. ಅಥವಾ ಊರಿನ ಗಯ್ಯಾಳಿಗೆ ತಮಾಷೆಗೆ ಹಾಗೆ ಕರೆದಿರಲೂಬಹುದು, ಅಡ್ಡಹೆಸರಿಡೋ ಜನ ಎಲ್ಲಾ ಕಡೆ ಒಂದೇ. ಹೃದಯವನ್ನ ಹೆಸರಿನಲ್ಲಿ ಹೊತ್ತ ಮನೆತನಗಳು ಅಲ್ಲಿ ಇನ್ನೂ ಇದ್ದವು. ಫ್ರಾನ್ಸಿನ ನಡುಮಧ್ಯದ ಬೂರ್ಜ್ ಪಟ್ಟಣದಲ್ಲಿ 15ನೇ ಶತಮಾನದಲ್ಲಿ ಜಾಕ್ ಕರ್ ಅಂತ ಒಬ್ಬ ಭಾರೀ ಸಾಹುಕಾರನಿದ್ದ, ರಾಜನಿಗೇ ಸಾಲ ಕೊಟ್ಟವನು. ಅವನು ಕಟ್ಟಿಸಿದ ಅರಮನೆ ಈಗಲೂ ಇದೆ. ತನ್ನ ಹೆಸರಿನ ಅರ್ಥ ಎಲ್ಲರಿಗೂ ಕಾಣಲಿ ಅಂತ ಗೋಡೆಗಳ ಮೇಲೆಲ್ಲ ಹೃದಯದ ಚಿತ್ರ ಕೆತ್ತಿಸಿಬಿಟ್ಟಿದ್ದಾನೆ!

ಅದೇ ಬೂರ್ಜ್ ಪಟ್ಟಣದಲ್ಲಿ 1691ರ ಡಿಸೆಂಬರಿನಲ್ಲಿ ಹುಟ್ಟಿದವನು ಗಾಸ್ತೋಂ-ಲೋರಾಂ ಕರ್ದೂ. 1715ರಲ್ಲಿ ಯೇಸುಸಭೆ ಸೇರಿದ. 1732ರಲ್ಲಿ ದಕ್ಷಿಣ ಭಾರತಕ್ಕೆ ಬಂದ.

ಆ ವರ್ಷ ನಮ್ಮ ಸೀಮೆ ಹೇಗಿತ್ತು ಅಂತ ಒಮ್ಮೆ ನೆನೆಸಿಕೊಳ್ಳಿ. ಶಿರಾ ಇವತ್ತು ಹೈವೇ ಪಕ್ಕದ ಊರು, ಆಗ ಅದು ಮೊಗಲರ ಸುಬಾದ ರಾಜಧಾನಿ. 1687ರಿಂದ ಅಲ್ಲೊಬ್ಬ ಸುಬೇದಾರ. ಬಸವಾಪಟ್ಟಣ, ಬೂದಿಹಾಳು, ಶಿರಾ, ಪೆನುಕೊಂಡ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ, ಹೀಗೆ ಏಳು ಪರಗಣೆ ಅವನ ಕೈಕೆಳಗೆ. ಮಧುಗಿರಿ ಮಾತ್ರ ಚಿಕ್ಕದೇವರಾಜ ಒಡೆಯರ ಕಾಲದಲ್ಲೇ ಮೈಸೂರಿಗೆ ಸೇರಿತ್ತು. ಇವತ್ತಿನ ರಾಜ್ಯದ ಗಡಿ ಆಗ ಇರಲಿಲ್ಲ. ಪೆನುಕೊಂಡದ ರೈತನೂ ಶಿರಾದ ರೈತನೂ ಒಂದೇ ಕಚೇರಿಗೆ ಕಂದಾಯ ಕಟ್ಟುತ್ತಿದ್ದರು. ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, ಕರ್ದೂ ಕೆಲಸ ಮಾಡಿದ್ದು 'ತೆಲುಗು ಸೀಮೆ'ಯಲ್ಲಿ ಅಂತ ಪುಸ್ತಕಗಳಲ್ಲಿರುತ್ತೆ. ನಾವು ಅದನ್ನ ಎಲ್ಲೋ ದೂರ ಅಂದ್ಕೋತೀವಿ. ಅವನು ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಮನೆ ಮಾಡಿದ್ದ ಅಂತ ನಾನು ಹೇಳ್ತಿಲ್ಲ. ಆದ್ರೆ ಪುದುಚೇರಿಯಿಂದ ಹೊರಟ ಫ್ರೆಂಚ್ ಪಾದ್ರಿಗಳ 'ಕರ್ನಾಟಿಕ್ ಮಿಶನ್' 18ನೇ ಶತಮಾನದ ಶುರುವಿನಲ್ಲೇ ಪುಂಗನೂರು, ಚಿಕ್ಕಬಳ್ಳಾಪುರದವರೆಗೆ ಬಂದಿತ್ತು. ಕರ್ದೂ ಸೇರಿದ್ದು ಅದೇ ಮಿಶನ್ನಿಗೆ. ಅವನು ಕೇಳಿದ ತೆಲುಗು ಪಾವಗಡದ ಸಂತೆಯಲ್ಲಿ ಕೇಳೋ ತೆಲುಗಿನ ನೆಂಟನೇ.

ಇಲ್ಲಿ ಅವನ ಮನೆತನದ ಹೆಸರು ಉಪಯೋಗಕ್ಕೆ ಬರಲಿಲ್ಲ. ಬರೋ ಹಾಗೂ ಇರಲಿಲ್ಲ. ಈ ಮಿಶನ್ನಿನವರು ಕಾವಿ ಉಟ್ಟು, ಮಾಂಸ ಬಿಟ್ಟು, ಸನ್ಯಾಸಿಗಳ ಹಾಗೆ ಇರ್ತಿದ್ದರು. 1606ರಲ್ಲಿ ಮದುರೆಗೆ ಬಂದ ಇಟಲಿಯ ರಾಬರ್ಟ್ ದಿ ನೊಬಿಲಿ ಹಾಕಿಕೊಟ್ಟ ದಾರಿ ಅದು. ಕಾರಣ ಒಂದೇ ಒಂದು ಪದ: ಪರಂಗಿ. ದನದ ಮಾಂಸ ತಿಂದು ಹೆಂಡ ಕುಡಿಯೋ ಪೋರ್ಚುಗೀಸರನ್ನ ಜನ ಪರಂಗಿಗಳು ಅಂತಿದ್ದರು, ಪರಂಗಿಯ ಹತ್ತಿರ ಮರ್ಯಾದಸ್ಥರು ಸುಳೀತಿರಲಿಲ್ಲ. ಹಾಗಾಗಿ 'ನಾವು ಪರಂಗಿಗಳಲ್ಲ, ರೋಮಾಪುರಿಯ ಸನ್ಯಾಸಿಗಳು' ಅಂತ ಇವರು ಹೇಳಿಕೊಳ್ಳಬೇಕಾಯ್ತು. ತಮಾಷೆ ನೋಡಿ, ಪರಂಗಿ ಅನ್ನೋ ಪದ ಬಂದಿದ್ದು ಫ್ರಾಂಕ್ ಅನ್ನೋ ಜನಾಂಗದ ಹೆಸರಿನಿಂದ. ಅರಬ್ಬರ, ಪಾರಸಿಯವರ ಬಾಯಲ್ಲಿ ಫರಂಗಿ ಆಗಿ, ನಮ್ಮ ಬಾಯಲ್ಲಿ ಪರಂಗಿ ಆಯ್ತು. ಫ್ರಾನ್ಸ್ ಅನ್ನೋ ದೇಶದ ಹೆಸರು ಬಂದಿದ್ದೂ ಅದೇ ಫ್ರಾಂಕರಿಂದ. ಅಂದ್ರೆ ಫ್ರೆಂಚರು ತಮ್ಮ ದೇಶದ ಹೆಸರನ್ನೇ ಇಲ್ಲಿ 'ನಮ್ಮದಲ್ಲ' ಅನ್ನಬೇಕಾಗಿ ಬಂತು. ಪದ ಹಣ್ಣಿಗೂ ಅಂಟಿಕೊಂಡು ಇನ್ನೂ ಉಳಿದಿದೆ, ನಮ್ಮ ಹಿತ್ತಲಿನ ಪರಂಗಿ ಹಣ್ಣು.

ಹೀಗಾಗಿ ಈ ಪಾದ್ರಿಗಳು ಊರವರಿಗೆ ಬರೀ 'ಸ್ವಾಮಿಗಳು'. ಕರ್ದೂ ಅನ್ನೋ ಹೆಸರು ಫ್ರಾನ್ಸಿಗೆ ಹೋಗೋ ಕಾಗದಗಳ ಕೊನೆಯ ಸಾಲಲ್ಲಿ ಮಾತ್ರ ಉಳೀತು.

ಆ ಕಾಗದಗಳಲ್ಲಿ ಏನಿತ್ತು? ಒಂದು 1742ರ ಜನವರಿಯದು. ಬಟ್ಟೆಗೆ ಬಣ್ಣ ಹಾಕೋ ವಿದ್ಯೆ. ನಮ್ಮ ಚೀಟಿ ಬಟ್ಟೆಗೆ ಆಗ ಯುರೋಪಿನಲ್ಲಿ ಎಂಥ ಹುಚ್ಚು ಅಂದ್ರೆ ತಮ್ಮ ದೇಶದ ನೇಕಾರರು ಹಾಳಾಗ್ತಾರೆ ಅಂತ ಫ್ರಾನ್ಸ್ ಸರ್ಕಾರ 1686ರಿಂದ 1759ರವರೆಗೆ ಅದನ್ನ ನಿಷೇಧಿಸಿತ್ತು. ತೊಳೆದರೂ ಹೋಗದ ಬಣ್ಣ ಹೇಗೆ ಹಾಕ್ತಾರೆ ಅನ್ನೋದು ಅವರಿಗೆ ಗೊತ್ತಿರಲಿಲ್ಲ. ಕರ್ದೂ ಹೊಸದಾಗಿ ಕ್ರೈಸ್ತರಾದ ಬಣ್ಣಗಾರರನ್ನ ಕೇಳಿ ಕೇಳಿ ಎಲ್ಲ ಬರೆದ: ಅಳಲೆಕಾಯಿ ಪುಡಿಯನ್ನ ಎಮ್ಮೆ ಹಾಲಿನಲ್ಲಿ ಕಲಸಿ ಬಟ್ಟೆಗೆ ಕುಡಿಸೋದು, ಪಟಿಕ ಹಾಕಿದ ಕಡೆ ಮಾತ್ರ ಕೆಂಪು ಹಿಡಿಯೋದು, ಬಿಸಿಲಿಗೆ ಹಾಕೋದು, ಹೀಗೆ ಒಂದೊಂದೇ ಹಂತ. ಮೆತ್ತನೆ ಹೃದಯದ ಪಾದ್ರಿ ಮಾಡಿದ್ದು ನಿಜ ಹೇಳ್ಬೇಕಂದ್ರೆ ಕೈಗಾರಿಕಾ ಗೂಢಚಾರಿಕೆ. ಹೇಳಿಕೊಟ್ಟ ಬಣ್ಣಗಾರರ ಹೆಸರು ಚರಿತ್ರೆಯಲ್ಲಿ ಉಳೀಲಿಲ್ಲ. ಇದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಇನ್ನೊಂದು ಕಾಗದ 1767ರದ್ದು. ನನಗೆ ಎಲ್ಲಕ್ಕಿಂತ ದೊಡ್ಡದು ಅನ್ನಿಸೋದು ಇದು. ಪ್ಯಾರಿಸ್ಸಿನ ವಿದ್ವತ್ಸಭೆಗೆ ಅವನು ಒಂದು ಪ್ರಶ್ನೆ ಕಳಿಸಿದ. ಸಂಸ್ಕೃತದಲ್ಲಿ ಇಷ್ಟೊಂದು ಪದಗಳು ಲ್ಯಾಟಿನ್ ಮತ್ತು ಗ್ರೀಕಿನ ಜೊತೆ ಹೊಂದಿಕೊಳ್ಳೋದು ಹೇಗೆ? ದಾನಂ ಅಂದ್ರೆ ಲ್ಯಾಟಿನ್ನಿನಲ್ಲಿ ದೋನುಂ. ವಿಧವಾ ಅಂದ್ರೆ ವಿದುವಾ. ಬರೀ ಪದ ಅಲ್ಲ, 'ಇರು' ಅನ್ನೋ ಧಾತು ನಡೆಯೋ ರೀತಿಯನ್ನೂ ಪಕ್ಕಪಕ್ಕ ಇಟ್ಟು ತೋರಿಸಿದ. ವ್ಯಾಪಾರದಿಂದ ಪದ ಬರಬಹುದು, ವ್ಯಾಕರಣ ಬರೋದಿಲ್ಲ ಅನ್ನೋ ಸೂಕ್ಷ್ಮ ಅವನಿಗೆ ಗೊತ್ತಿತ್ತು. ಹಾಗಾದ್ರೆ ಇವೆರಡೂ ಒಂದೇ ಮೂಲದಿಂದ ಬಂದಿರಬೇಕು ಅಂದ. ಅದಕ್ಕೆ ಅವನು ಕೊಟ್ಟ ಕಾರಣ ಬೈಬಲ್ಲಿನ ನೋವನ ಮಗ ಯಾಫೆತನ ಸಂತತಿಯ ಕತೆ, ಅದನ್ನ ಬಿಡಿ. ಗಮನಿಸಿದ್ದು ಸರಿಯಾಗಿತ್ತು.

ನಮಗೆ ಶಾಲೆಯಲ್ಲಿ ಹೇಳಿಕೊಟ್ಟಿದ್ದು ಏನು? 1786ರ ಫೆಬ್ರವರಿಯಲ್ಲಿ ಕಲ್ಕತ್ತದಲ್ಲಿ ಸರ್ ವಿಲಿಯಂ ಜೋನ್ಸ್ ಭಾಷಣ ಮಾಡಿ ಈ ನೆಂಟಸ್ತನ ಹೇಳಿದ ಅಂತ. ಕರ್ದೂ ಕಾಗದ ಅದಕ್ಕಿಂತ 19 ವರ್ಷ ಹಿಂದಿನದು. ಆದ್ರೆ ಪ್ಯಾರಿಸ್ಸಿನವರು ಅದನ್ನ ಅಚ್ಚು ಹಾಕಿದ್ದು 1808ರಲ್ಲಿ, ಅದೂ ಇನ್ನೊಬ್ಬ ವಿದ್ವಾಂಸ ಆಂಕೆತಿಲ್-ದ್ಯುಪೆರೋಂ ಬರಹದ ಬಾಲಂಗೋಚಿಯಾಗಿ. ಅಷ್ಟು ಹೊತ್ತಿಗೆ ಜೋನ್ಸ್ ಹೆಸರು ಊರೆಲ್ಲ ಹಬ್ಬಿತ್ತು. 40 ವರ್ಷ ಒಂದು ಕಾಗದ ಕಪಾಟಿನಲ್ಲಿ ಕೂತರೆ ಹೀಗೇ ಆಗೋದು.

ಇಲ್ಲೊಂದು ವಿಷಯ ನನಗೆ ಬಹಳ ಹಿಡಿಸಿತು. ಅವನ ಹೆಸರಿನೊಳಗೇ ಅವನ ವಾದಕ್ಕೆ ಸಾಕ್ಷಿ ಕೂತಿದೆ. ಫ್ರೆಂಚಿನ 'ಕರ್' ಲ್ಯಾಟಿನ್ನಿನ 'ಕೋರ್' ಇಂದ ಬಂದಿದ್ದು. ಅದರ ಇನ್ನೊಂದು ರೂಪ 'ಕೋರ್ದ್'. ಗ್ರೀಕಿನಲ್ಲಿ 'ಕಾರ್ದಿಯಾ', ಡಾಕ್ಟರು ಬರೆಯೋ ಕಾರ್ಡಿಯಾಲಜಿ ಅದೇ. ಇಂಗ್ಲಿಷಿನ 'ಹಾರ್ಟ್' ಅದೇ. ಸಂಸ್ಕೃತದ 'ಹೃದ್', 'ಹೃದಯ' ಕೂಡ ಆ ಬಳಗದ್ದೇ. ಹೃದಯದ ಮೊದಲ 'ಹ'ಕಾರ ನಿಯಮಕ್ಕೆ ಸರಿಯಾಗಿ ಬರಲ್ಲ ಅಂತ ಭಾಷಾವಿಜ್ಞಾನಿಗಳು ತಕರಾರು ತೆಗೀತಾರೆ. ನಿಯಮಕ್ಕೆ ಸರಿಯಾಗಿ ಬರೋ ಪದ ಇನ್ನೊಂದಿದೆ, ಅದು 'ಶ್ರದ್ಧಾ'. ಶ್ರದ್ ಅಂದ್ರೆ ಹೃದಯ, ಧಾ ಅಂದ್ರೆ ಇಡು. ಮನಸ್ಸಿಡೋದೇ ಶ್ರದ್ಧೆ. ಲ್ಯಾಟಿನ್ನಿನ 'ಕ್ರೇದೋ', ಅಂದ್ರೆ ನಂಬುತ್ತೇನೆ ಅನ್ನೋದು, ಅದರ ಅವಳಿ. ಪಾದ್ರಿ ದಿನಾ ಪೂಜೆಯಲ್ಲಿ 'ಕ್ರೇದೋ' ಅನ್ನುತ್ತಿದ್ದ, ಹೊರಗೆ ಬಂದ್ರೆ ಬ್ರಾಹ್ಮಣರ ಮನೆಯಲ್ಲಿ 'ಶ್ರದ್ಧೆ' ಕೇಳುತ್ತಿದ್ದ. ಅವನ ಮನೆತನದ ಹೆಸರಿನ ಅರ್ಧ ಭಾಗ ಎರಡರಲ್ಲೂ ಇತ್ತು.

ನಮ್ಮೂರಿನ ಹೆಸರನ್ನೂ ಈ ಸಾಲಿಗೆ ಸೇರಿಸಬಹುದು. ಹಳೇ ದಾಖಲೆಗಳಲ್ಲಿ ಮದ್ದಗಿರಿ ಅಂತಿದೆ, ಜೇನಿನ ಬೆಟ್ಟ ಅಂತ ಅರ್ಥ ಹೇಳ್ತಾರೆ. ಸಂಸ್ಕೃತದ 'ಮಧು', ಗ್ರೀಕಿನ 'ಮೆಥು', ಜೇನಿನಿಂದ ಮಾಡೋ ಕಳ್ಳಿಗೆ ಇಂಗ್ಲಿಷರು ಹೇಳೋ 'ಮೀಡ್', ಮೂರೂ ಒಂದೇ ಬೇರು. ಪಾವಗಡ ಮಾತ್ರ ಈ ಕುಟುಂಬಕ್ಕೆ ಸೇರಲ್ಲ. ಕೋಟೆ ಕಟ್ಟುವಾಗ ಹಾವಿನ ಚಿತ್ರ ಇರೋ ಕಲ್ಲು ಸಿಕ್ಕಿತು, ಅದಕ್ಕೇ ಹಾವಿನ ಬೆಟ್ಟ ಅಂತ ಹೆಸರಾಯ್ತು ಅನ್ನೋದು ಗೆಜೆಟಿಯರ್ ಕತೆ. ಹಳಗನ್ನಡದ ಪಾವು, ತೆಲುಗಿನ ಪಾಮು, ತಮಿಳಿನ ಪಾಂಬು. ಅದು ನಮ್ಮದೇ ದ್ರಾವಿಡ ಬಳಗ. ಒಂದೇ ಜಿಲ್ಲೆಯ ಎರಡು ತಾಲ್ಲೂಕು, ಹೆಸರಿನ ವಂಶ ಮಾತ್ರ ಬೇರೆ ಬೇರೆ.

ಈಗ ಪುಸ್ತಕದ ಕತೆಗೆ ಬರೋಣ.

ಕರ್ದೂ ಮುದುಕನಾಗೋ ಹೊತ್ತಿಗೆ ಅವನ ಸಂಘವೇ ಮುಳುಗಿತ್ತು. 1764ರಲ್ಲಿ ಫ್ರಾನ್ಸ್ ಯೇಸುಸಭೆಯನ್ನ ರದ್ದು ಮಾಡಿತು, 1773ರಲ್ಲಿ ಪೋಪ್ ಇಡೀ ಲೋಕದಲ್ಲೇ ರದ್ದು ಮಾಡಿದರು. ಅವರ ಮಿಶನ್ನು 1776ರಲ್ಲಿ ಪ್ಯಾರಿಸ್ಸಿನ 'ವಿದೇಶಿ ಮಿಶನ್' ಅನ್ನೋ ಬೇರೆ ಸಂಘಕ್ಕೆ ಹೋಯ್ತು. ಇಲ್ಲಿನ ಜನರ ಆಚಾರ ವಿಚಾರ, ಜಾತಿ, ಮದುವೆ, ಸಾವು, ಹಬ್ಬ, ಶಾಸ್ತ್ರ ಎಲ್ಲದರ ಬಗ್ಗೆ ಕರ್ದೂ ಬರೆದಿಟ್ಟ ದೊಡ್ಡ ಹಸ್ತಪ್ರತಿ ಇತ್ತು. 1777ರಲ್ಲಿ ದೆವೋ ಅನ್ನೋ ಫ್ರೆಂಚ್ ಸೇನಾಧಿಕಾರಿ ಅದನ್ನ ಜೋಡಿಸಿ ಒಂದು ಪ್ರತಿ ಮಾಡಿದ. 1778ರಲ್ಲಿ ಪುದುಚೇರಿ ಇಂಗ್ಲಿಷರ ಕೈಗೆ ಬಿತ್ತು. 1779ರ ಜೂನಿನಲ್ಲಿ ಕರ್ದೂ ಅಲ್ಲೇ ತೀರಿಕೊಂಡ. ವಯಸ್ಸು 87.

13 ವರ್ಷ ಆದ ಮೇಲೆ, 1792ರಲ್ಲಿ, ವಿದೇಶಿ ಮಿಶನ್ನಿನ ಒಬ್ಬ ಯುವಕ ಪಾದ್ರಿ ಬಂದ. ಜಾಂ-ಆಂತ್ವಾನ್ ದ್ಯುಬ್ವಾ. ಈ ಹೆಸರು ನಿಮಗೆ ಗೊತ್ತು, ನಾವು ಇಂಗ್ಲಿಷಿನಲ್ಲಿ ಓದಿ ಡುಬಾಯ್, ಡುಬೋಯ್ ಅಂತೆಲ್ಲ ಬರೀತೀವಿ. 'ದ್ಯು ಬ್ವಾ' ಅಂದ್ರೆ ಕಾಡಿನ, ಅಡವಿಯ. ಇಂಗ್ಲಿಷಿನ 'ಬುಶ್' ಇದರ ನೆಂಟ. ಇದು ಅಪರೂಪದ ಹೆಸರೇ ಅಲ್ಲ, ಫ್ರಾನ್ಸಿನಲ್ಲಿ ತೀರಾ ಸಾಮಾನ್ಯ. ಕಾಡಿಲ್ಲದ ಊರು ಯಾವುದಿತ್ತು ಹೇಳಿ.

1799ರಲ್ಲಿ ಟಿಪ್ಪು ಬಿದ್ದ ಮೇಲೆ ದ್ಯುಬ್ವಾ ಮೈಸೂರು ಸೀಮೆಗೆ ಬಂದ. ಅವನನ್ನ ಸುಮ್ಮನೆ ಕಳ್ಳ ಅಂತ ತಳ್ಳಿಹಾಕೋ ಹಾಗಿಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ. ದೇವಿ ಹಾಕೋ ಚುಚ್ಚುಮದ್ದು ಆಗಷ್ಟೇ ಬಂದಿತ್ತು, ಜನ ಹೆದರುತ್ತಿದ್ದರು. 1803-04ರಲ್ಲಿ ಕೆಲವೇ ತಿಂಗಳಲ್ಲಿ 25,432 ಜನಕ್ಕೆ ಹಾಕಿಸಿದ ಲೆಕ್ಕ ಅವನ ಹೆಸರಿನಲ್ಲಿದೆ. ಹಾಸನದ ಹತ್ತಿರ ಸಾತಳ್ಳಿಯಲ್ಲಿ ನೆಲೆ ಕಳೆದುಕೊಂಡ ಕ್ರೈಸ್ತ ಕುಟುಂಬಗಳಿಗೆ ಬೇಸಾಯ ಮಾಡಿಸಿ ಊರು ಕಟ್ಟಿಸಿದ. ಇಲ್ಲಿನವರ ಹಾಗೇ ಉಟ್ಟು, ಇಲ್ಲಿನವರ ಹಾಗೇ ಉಂಡ. ಜನ ಅವನನ್ನ ದ್ಯುಬ್ವಾ ಅನ್ನಲಿಲ್ಲ, 'ದೊಡ್ಡ ಸ್ವಾಮಿಯವರು' ಅಂದ್ರು. ಅವನು ಹೋಗಿ ಎಷ್ಟೋ ದಶಕ ಆದ ಮೇಲೂ ಮೈಸೂರು ಕಡೆ ಆ ಹೆಸರು ನಡೀತಿತ್ತು.

ದೊಡ್ಡ ಸ್ವಾಮಿಯವರ ಕೈಯಲ್ಲಿ ಒಂದು ಹಸ್ತಪ್ರತಿ ಇತ್ತು. ಮೈಸೂರಿನ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ನೋಡಿ ಮೆಚ್ಚಿದ. ಮದ್ರಾಸಿನ ಗವರ್ನರ್ ಬೆಂಟಿಂಕ್ 1807ರಲ್ಲಿ ಕಂಪನಿ ಪರವಾಗಿ ಅದನ್ನ 2,000 ಪಗೋಡ ಕೊಟ್ಟು ಕೊಂಡ. 1816ರಲ್ಲಿ ಲಂಡನ್ನಿನಲ್ಲಿ ಇಂಗ್ಲಿಷ್ ಅನುವಾದ, 1825ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಂಚ್ ಮುದ್ರಣ ಬಂತು. 1897ರಲ್ಲಿ ಬೋಶಾಂಪ್ ಹೊಸದಾಗಿ ಅನುವಾದಿಸಿದ. 'ಹಿಂದೂ ಮ್ಯಾನರ್ಸ್, ಕಸ್ಟಮ್ಸ್ ಅಂಡ್ ಸೆರಿಮನೀಸ್' ಅಂತ ಈಗಲೂ ಅಂಗಡಿಯಲ್ಲಿ ಸಿಗೋದು ಅದೇ. ಕಂಪನಿ ಅಧಿಕಾರಿಗಳು ಓದಿದರು, ಜಾತಿಯ ಬಗ್ಗೆ ಬರೆಯೋರೆಲ್ಲ ಅದನ್ನ ಎತ್ತಿ ಹೇಳಿದರು. ನಮ್ಮ ಅಜ್ಜಂದಿರ ಬಗ್ಗೆ ಹೊರಗಿನ ಲೋಕ ಏನು ನಂಬಿತೋ ಅದರಲ್ಲಿ ದೊಡ್ಡ ಪಾಲು ಆ ಪುಸ್ತಕದ್ದು.

1987ರಲ್ಲಿ ಸಿಲ್ವಿಯಾ ಮ್ಯೂರ್ ಅನ್ನೋ ಫ್ರೆಂಚ್ ವಿದುಷಿ ಎರಡು ಸಂಪುಟ ಪ್ರಕಟಿಸಿದರು. 1777ರ ದೆವೋ ಪ್ರತಿ ಲಂಡನ್ನಿನ ಇಂಡಿಯಾ ಆಫೀಸ್ ಗ್ರಂಥಾಲಯದಲ್ಲಿ ಅವರಿಗೆ ಸಿಕ್ಕಿತ್ತು. ಅದನ್ನ ದ್ಯುಬ್ವಾ ಪುಸ್ತಕದ ಪಕ್ಕ ಇಟ್ಟು ನೋಡಿದರು. ಪುಸ್ತಕದ ತಳಪಾಯ ಕರ್ದೂ ಕಟ್ಟಿದ್ದು. ದ್ಯುಬ್ವಾ ಅದನ್ನ ತಗೊಂಡು ತಿದ್ದಿ, ತನ್ನ ಮೈಸೂರಿನ ಅನುಭವ ಸೇರಿಸಿ ಬೆಳೆಸಿದ್ದು. ಕರ್ದೂ ಸತ್ತು 208 ವರ್ಷದ ಮೇಲೆ ಅವನ ಮನೆತನದ ಹೆಸರು ಅವನ ಬರಹದ ಮೇಲೆ ಬಂತು.

ಇದರಿಂದ ಆದ ತೊಂದರೆ ಬರೀ ಹೆಸರಿನದಲ್ಲ. 19ನೇ ಶತಮಾನದ ಮೈಸೂರಿನಲ್ಲಿ ಕಣ್ಣಾರೆ ಕಂಡದ್ದು ಅಂತ ನಾವು ಓದ್ತಿದ್ದ ಎಷ್ಟೋ ಪುಟ ನಿಜವಾಗಿ ಅದಕ್ಕಿಂತ ಒಂದೆರಡು ತಲೆಮಾರು ಹಿಂದೆ ಬೇರೆ ಸೀಮೆಯಲ್ಲಿ ಇನ್ನೊಬ್ಬ ಕಂಡದ್ದು. ಶಿರಾದಲ್ಲಿ ಮೊಗಲ ಸುಬೇದಾರ ಇದ್ದ ಕಾಲದ ಮಾತು, ಪೂರ್ಣಯ್ಯನವರು ದಿವಾನರಾಗಿದ್ದ ಕಾಲದ ಮಾತಾಗಿ ಓಡಾಡಿಬಿಟ್ಟಿತು. ಹೆಸರು ಬದಲಾದರೆ ಇಸವಿ, ಊರು ಎರಡೂ ಬದಲಾಗ್ತಾವೆ. ದ್ಯುಬ್ವಾನನ್ನ ನೆಚ್ಚಿಕೊಂಡು ನಮ್ಮೂರಿನ ಚರಿತ್ರೆ ಬರೆಯೋರು ಇದನ್ನ ನೋಡಲೇಬೇಕು.

ಆ ಕಾಲದಲ್ಲಿ ಸಂಘದ ಹಸ್ತಪ್ರತಿ ಸಂಘದ ಆಸ್ತಿ, ಹಾಗೆ ಬಳಸೋದು ತಪ್ಪಲ್ಲ ಅಂತ ಕೆಲವರು ದ್ಯುಬ್ವಾ ಪರ ಮಾತಾಡಬಹುದು. ಇರಬಹುದು. ಆದ್ರೆ 2,000 ಪಗೋಡಕ್ಕೆ ಮಾರುವಾಗ ಒಂದು ಸಾಲು ಬರೆಯೋಕೆ ಏನು ಖರ್ಚಿತ್ತು? ಹಾಗೇ ಕರ್ದೂ ಬಣ್ಣಗಾರರ ವಿದ್ಯೆ ಬರೆದಾಗಲೂ ಒಬ್ಬನ ಹೆಸರನ್ನಾದ್ರೂ ಹಾಕಬಹುದಿತ್ತು. ಮೆತ್ತನೆ ಹೃದಯದವನ ಮೇಲೂ ನನಗೆ ಆ ಒಂದು ದೂರಿದೆ.

ಇನ್ನು ಈ ಹೆಸರನ್ನ ಬರೆಯೋ ಪಾಡು. ಫ್ರೆಂಚಿನಲ್ಲಿ 'ಕರ್' ಬರೆಯೋವಾಗ ಓ ಮತ್ತು ಇ ಎರಡಕ್ಷರ ಅಂಟಿಸಿ ಒಂದೇ ಅಕ್ಷರ ಮಾಡ್ತಾರೆ. ಕಂಪ್ಯೂಟರಿನ ಹಳೇ ಲ್ಯಾಟಿನ್-1 ಅಕ್ಷರಪಟ್ಟಿಯಲ್ಲಿ ಆ ಅಕ್ಷರವೇ ಇರಲಿಲ್ಲ, 1999ರಲ್ಲಿ ತಿದ್ದಿದ ಪಟ್ಟಿಗೆ ಸೇರಿಸಿದರು. ಹಾಗಾಗಿ ಕ್ಯಾಟಲಾಗುಗಳಲ್ಲಿ ಈ ಹೆಸರು ಒಂದು ಕಡೆ ಅಂಟಿಕೊಂಡು, ಒಂದು ಕಡೆ ಬಿಡಿಯಾಗಿ ಸಿಗುತ್ತೆ. ಒಂದರಲ್ಲಿ ಹುಡುಕಿದ್ರೆ ಇನ್ನೊಂದು ಕಾಣಲ್ಲ. ಬರಹ, ನುಡಿ ಫಾಂಟುಗಳಿಂದ ಯುನಿಕೋಡಿಗೆ ಬರೋವಾಗ ಅರ್ಕಾವತ್ತು, ಒತ್ತಕ್ಷರಗಳ ಜೊತೆ ಗುದ್ದಾಡಿದ ನಮಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ ಬಿಡಿ. ಕನ್ನಡದಲ್ಲಿ ನಾನು ಅರ್ಕಾವತ್ತು ಹಾಕಿ ಕರ್ದೂ ಅಂತಲೇ ಬರೆದಿದೀನಿ. 'ಕೋರ್ಡೊಕ್ಸ್' ಅಂತ ಇಂಗ್ಲಿಷ್ ಅಕ್ಷರ ನೋಡಿ ಓದಬೇಡಿ ದಯವಿಟ್ಟು.

ನಿಮ್ಮ ಮನೆಯ ಬೆಡಗು, ಇಂಟಿಪೇರು ಯಾವುದು, ಅದಕ್ಕೆ ಹಿರಿಯರು ಏನರ್ಥ ಹೇಳ್ತಾರೆ, ಗೊತ್ತಿದ್ರೆ ಬರೆದು ತಿಳಿಸಿ. ಪಾವಗಡ, ಮಡಕಶಿರಾ ಕಡೆಯವರು ಯಾರಾದ್ರೂ ಓದ್ತಿದ್ರೆ ಖಂಡಿತ ಬರೀರಿ. ಹೇಳಿದವರ ಹೆಸರು ಹಾಕೇ ಪಟ್ಟಿ ಮಾಡ್ತೀನಿ.